ಕಡವಿನ ಕೂಗಿಗೆ ಬಂದ ಉತ್ತರ

ಕೊಲ್ಲೂರಮ್ಮನನ್ನು ನಂಬಿ ಬದುಕುವ ನನ್ನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಗುಲಾಬಿ ಕೈಮುಗಿದು ಹೇಳುವುದು. ನನ್ನ ಯಜಮಾನರ ಮಾತು ಹೋದದ್ದು ಕಳೆದ ವರ್ಷ ಮಳೆಗಾಲದ ಸೋಣೆ ತಿಂಗಳಲ್ಲಿ, ಬೆಳಗಿನ ಗಂಜಿಯ ಹೊತ್ತಿಗೆ. ಉಪ್ಪಿನಕಾಯಿ ಕೇಳಲು ಬಾಯಿ ತೆರೆದವರು ತೆರೆದ ಬಾಯಲ್ಲೇ ಉಳಿದರು. ತುಟಿ ಒಂದು ಬದಿಗೆ ಜಾರಿತು, ಬಲಗೈ ಬಟ್ಟಲಿನೊಳಗೆ ಬಿತ್ತು. ಮೈದುನ ಶೀನ ರಿಕ್ಷಾ ತಂದ. ಕುಂದಾಪುರದಲ್ಲಿ ನೋಡಿದವರು ತಡಮಾಡದೆ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಹನ್ನೊಂದು ದಿನ ಅಲ್ಲಿದ್ದೆವು. "ಕಾಲು ಬರುತ್ತದಮ್ಮಾ, ಕೋಲು ಹಿಡಿದು ನಡೆಯುತ್ತಾರೆ. ಮಾತಿನ ವಿಷಯ ಮಾತ್ರ ಈಗಲೇ ಏನೂ ಹೇಳಲಾಗದು" ಎಂದರು ಡಾಕ್ಟರು.

ಬೇರೆ ಯಾರ ಮಾತು ಹೋಗಿದ್ದರೂ ನಾನು ತಡೆದುಕೊಳ್ಳುತ್ತಿದ್ದೆನೇನೋ. ಇವರು ಕಡವು ನಡೆಸಿದವರು. ಬಸ್ರೂರಿನ ಕೆಳಗೆ, ವಾರಾಹಿ ಹೊಳೆಯ ಈಚೆ ದಡದಿಂದ ಆಚೆ ದಡಕ್ಕೆ ಮೂವತ್ತು ವರ್ಷ ಜನರನ್ನು ದೋಣಿಯಲ್ಲಿ ದಾಟಿಸಿದವರು. ಆಚೆ ದಡದಲ್ಲಿ ನಿಂತವರು ಬಾಯಿಗೆ ಕೈ ಅಡ್ಡ ಹಿಡಿದು "ಹ್ವಾಯ್, ದೋಣೀ!" ಎಂದು ಕೂಗುವುದು, ಇವರು ಎಲ್ಲಿದ್ದರೂ "ಬಂದೇ!" ಎನ್ನುವುದು. ಉಣ್ಣುತ್ತಿದ್ದರೆ ಬಾಯೊಳಗಿನ ತುತ್ತು ನುಂಗುವ ಮೊದಲೇ "ಬಂದೇ". "ದಡದಗೆ ನಿಂತವರಿಗೆ ದೋಣಿ ತಡ ಆರೂ ಅಡ್ಡಿಲ್ಲೆ, ಉತ್ರ ತಡ ಆಪ್ಕಾಗ" ಎನ್ನುತ್ತಿದ್ದರು ನನ್ನ ಮಾವ, ಉತ್ತರ ಮಾತ್ರ ತಡವಾಗಬಾರದೆಂದು. ಅವರು ಮಗನಿಗೆ ಬಿಟ್ಟುಹೋದದ್ದು ಆ ಮಾತು ಮತ್ತು ಹಂಗಾರಕಟ್ಟೆಯಲ್ಲಿ ಕಟ್ಟಿಸಿದ ಒಂದು ಮರದ ದೋಣಿ, ಎರಡೇ. ಆಮೇಲೆ ಸೇತುವೆ ಬಂತು. ಕೂಗುವವರು ಇಲ್ಲವಾದರು. ದೋಣಿ ಮನೆಯ ಹಿಂದೆ ತೆಂಗಿನ ಮಡಲಿನ ಮಾಡಿನಡಿಯಲ್ಲಿ ಕವುಚಿ ಮಲಗಿತು.

ಮಾತು ಕಲಿಸುವ ಮೇಡಂ ಹತ್ತಿರ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವರು ಕೊಡೆಯ ಚಿತ್ರ ತೋರಿಸುವರು, ದನದ ಚಿತ್ರ ತೋರಿಸುವರು. ಇವರ ಗಂಟಲಿನ ನರ ಉಬ್ಬುವುದೇ ಹೊರತು ಶಬ್ದ ಹೊರಡದು. ಒಂದು ದಿನ ಬಸ್ಸಿನ ಕಂಡಕ್ಟರ್, ಚಿಕ್ಕಂದಿನಲ್ಲಿ ಇವರ ದೋಣಿಯಲ್ಲೇ ಶಾಲೆಗೆ ದಾಟಿದವನು, ಪ್ರೀತಿಯಿಂದ "ಹ್ವಾಯ್ ಸುಬ್ಬಣ್ಣ, ಎಲ್ಲಿಗ್ ಹೋಪ್ದ್?" ಎಂದು ಕೇಳಿದ. ಇವರು ಮುಖ ಕಿಟಕಿಗೆ ತಿರುಗಿಸಿದರು. ಕಣ್ಣಲ್ಲಿ ನೀರು. ಮರುವಾರದಿಂದ ಬಸ್ಸು ಹತ್ತಲು ಒಪ್ಪಲಿಲ್ಲ. ಊಟವೂ ಕಡಿಮೆಯಾಯಿತು. ಗೋಡೆಯ ಕಡೆ ತಿರುಗಿ ಮಲಗಿದವರ ಬೆನ್ನು ನೋಡಿ ನೋಡಿ ನನಗೂ ಬದುಕು ಸಾಕೆನಿಸಿತ್ತು.

ಮದುವೆಯಾದ ಹೊಸತರಲ್ಲಿ ಇವರು ಒಂದು ಮಾತು ಕೊಟ್ಟಿದ್ದರು. "ಒಂದ್ಸಲ ನಾವಿಬ್ರೂ ದೋಣ್ಯಗೇ ಕೊಲ್ಲೂರಿಗ್ ಹೋಪ. ಗಂಗೊಳ್ಳಿ ತನ್ಕ ಇಳ್ದ್, ಅಲ್ಲಿಂದ ಸೌಪರ್ಣಿಕಾ ಹತ್ತಿ." ಹಿರಿಯರು ಹಾಗೆ ಹೋಗುತ್ತಿದ್ದರಂತೆ. ಊರವರನ್ನೆಲ್ಲ ದಾಟಿಸಿದ ದೋಣಿಯಲ್ಲಿ ನಾನು ಪ್ರಯಾಣವೆಂದು ಕೂತದ್ದೇ ಇಲ್ಲ. ಒಂದು ಸಂಜೆ ದೀಪ ಹಚ್ಚಿ ಹರಕೆ ಹೇಳಿಕೊಂಡೆ: "ಅಮ್ಮಾ, ಮೂಕಾಸುರನ ಮಾತು ಕಟ್ಟಿದವಳು ನೀನು. ಕಟ್ಟಿದವಳಿಗೆ ಬಿಚ್ಚಲೂ ಗೊತ್ತು. ಇವರನ್ನು ಹೊಳೆಯ ದಾರಿಯಲ್ಲೇ ನಿನ್ನ ಬಾಗಿಲಿಗೆ ತರುತ್ತೇನೆ. ಒಂದು ಮಾತು ಕೊಡು. ಒಂದೇ ಸಾಕು."

ಶೀನ ಕೇಳಿ ನಕ್ಕ. "ಅತ್ತಿಗೆ, ಬಸ್ಸಗೆ ಹೋರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರ್ಲಕ್ಕ್. ಇದ್ರಗೆ ಹೋರೆ ಮೂರ್ ದಿನ. ನಿಮ್ಗೆ ಮರ್ಲಾ?" ಹುಚ್ಚೆಂದು ನಕ್ಕರೂ ಕೆಲಸಕ್ಕೆ ನಿಂತ. ಒಣಗಿದ ದೋಣಿಯ ಹಲಗೆಗಳು ಬಿರುಕು ಬಿಟ್ಟಿದ್ದವು. ಸಂದಿಗೆ ಹತ್ತಿ ತುಂಬಿ, ಎಣ್ಣೆ ಹಚ್ಚಿ, ನಾಲ್ಕು ದಿನ ಹೊಳೆಯಲ್ಲಿ ಮುಳುಗಿಸಿಟ್ಟ. ನೀರು ಕುಡಿದ ಮರ ಉಬ್ಬಿ ತಾನೇ ಬಿಗಿಯಾಗುತ್ತದೆ. ಇವರು ಕೋಲೂರಿ ಬಂದು ಎಡಗೈಯಲ್ಲಿ ಹಲಗೆ ತಟ್ಟಿ ಸದ್ದು ಕೇಳಿದರು. ಎಷ್ಟೋ ತಿಂಗಳ ಮೇಲೆ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು.

ಮಾಘ ಮಾಸದ ಒಂದು ಭಾನುವಾರ ಹೊರಟೆವು. ಹುಟ್ಟು, ದೋಣಿ ನೂಕುವ ಬಿದಿರ ಜಲ್ಲೆ ಶೀನನ ಕೈಯಲ್ಲಿ. ಇವರು ನಡುವೆ ದಿಂಬಿಗೆ ಒರಗಿ ಕೂತರು. ನಾನು ಗುಳಿಗೆಯ ಡಬ್ಬಿ, ನೀರಿನ ಬಾಟಲಿ, ಬುತ್ತಿ ಹಿಡಿದು ಮುಂದೆ. ಇಳಿತದ ನೀರಿನ ಜೊತೆ ವಾರಾಹಿಯಲ್ಲಿ ಇಳಿದು ಸಂಜೆಗೆ ಗಂಗೊಳ್ಳಿ ಮುಟ್ಟಿ, ಬಂದರದ ಹತ್ತಿರ ನೆಂಟರ ಮನೆಯಲ್ಲಿ ಉಳಿದೆವು. ಐದು ಹೊಳೆಗಳು ಸೇರುವಲ್ಲಿ ಇವರು ನೀರಿಗೆ ಎಡಗೈ ಅದ್ದಿ ಕಣ್ಣಿಗೆ ಒತ್ತಿಕೊಂಡದ್ದನ್ನು ಕಂಡು ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ತಪ್ಪು ಮಾಡಿದ್ದು ಮರುದಿನ. ಸೌಪರ್ಣಿಕೆಯನ್ನು ಹತ್ತಲು ಉಬ್ಬರದ ನೀರು ಬೇಕು. ಬೆಳಿಗ್ಗೆ ಬುತ್ತಿ ಕಟ್ಟಿ ದಡಕ್ಕೆ ಬರುವಾಗ ಏಳೂವರೆ, ನೀರು ಚೆನ್ನಾಗಿ ಏರುತ್ತಿತ್ತು. ನಾನು ಮಾತ್ರ ಬಿಡಲಿಲ್ಲ. ಸೋಮವಾರ, ಏಳೂವರೆಗೆ ರಾಹುಕಾಲ, ಒಂಬತ್ತರವರೆಗೆ ದೋಣಿಗೆ ಕಾಲಿಡುವುದು ಬೇಡವೆಂದೆ. ಇವರು ಎಡಗೈಯಿಂದ ದೋಣಿಯ ಅಂಚಿಗೆ ಬಡಿದರು. ನೀರು ತೋರಿಸಿದರು, ಮತ್ತೆ ಬಡಿದರು.

"ನೀವ್ ಸುಮ್ನೆ ಕೂಕಣಿ. ನಿಮ್ಗೆ ಗೊತ್ತಾತ್ತಿಲ್ಲೆ" ಎಂದೆ.

ಶೀನ ತಲೆ ಕೆರೆದುಕೊಂಡು, "ಅತ್ತಿಗೆ, ನೀರಿಗೆ ರಾಹುಕಾಲ ಇಲ್ಲೆ ಅಂತಿದ್ದ ಅಪ್ಪಯ್ಯ" ಎಂದ. ಅವನ ಬಾಯಿಯನ್ನೂ ಮುಚ್ಚಿಸಿದೆ. ಮೂವತ್ತು ವರ್ಷ ನೀರನ್ನು ಓದಿದವರಿಗೆ ನೀರಿನ ವಿಷಯ ಗೊತ್ತಾಗುವುದಿಲ್ಲ ಎಂದವಳು ನಾನು. ಆಸ್ಪತ್ರೆಯಿಂದ ಬಂದ ದಿನದಿಂದ ಅದೊಂದೇ ಮಾತನ್ನು ಇವರಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ ಎಂಬುದು ಆಗ ಹೊಳೆದಿರಲಿಲ್ಲ.

ಒಂಬತ್ತರ ಮೇಲೆ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ನೀರು ತಿರುಗಿತು. ಎದುರು ನೀರಿನಲ್ಲಿ ಶೀನ ಜಲ್ಲೆ ಒತ್ತಿ ಒತ್ತಿ ಬೆವೆತ. ಮರವಂತೆ ಇನ್ನೂ ದೂರ ಇರುವಾಗಲೇ ದೋಣಿ ಹೊಳೆಯ ನಡುವಿನ ಮರಳ ದಿಬ್ಬಕ್ಕೆ ಕೂತುಬಿಟ್ಟಿತು. ನೀರು ಇಳಿದಂತೆ ಒಂದು ಬದಿಗೆ ವಾಲಿತು. ಜನ ಕರೆತರುತ್ತೇನೆಂದು ಶೀನ ಎದೆಮಟ್ಟದ ನೀರಿನಲ್ಲಿ ಹಾದು ಎಡದಂಡೆಗೆ ಹೋದ.

ಉಳಿದದ್ದು ನಾವಿಬ್ಬರು. ಹನ್ನೆರಡರ ಬಿಸಿಲು. ಕೊಡೆ ಹಿಡಿದರೂ ಮರಳಿನ ಝಳ ಕೆಳಗಿನಿಂದ ಏಳುತ್ತಿತ್ತು. ಇವರ ಮುಖ ಕೆಂಪಾಯಿತು, ಉಸಿರು ಬಿರುಸಾಯಿತು. ಇನ್ನೊಮ್ಮೆ ಹಾಗೇನಾದರೂ ಆದರೆ ಎಂದು ಹೆದರಿ ನೀರು ಕುಡಿಸಿದೆ, ಒದ್ದೆ ಬಟ್ಟೆ ತಲೆಗೆ ಹಾಕಿದೆ. ಸಿಟ್ಟೋ ಅಳುವೋ ಗೊತ್ತಿಲ್ಲ, "ಅಮ್ಮಾ, ಒಂದು ಮಾತು ಕೇಳಿದ್ದಕ್ಕೆ ಇದಾ? ಮಾತೂ ಬೇಡ, ಏನೂ ಬೇಡ, ಇವರನ್ನು ಉಳಿಸು. ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡೆ" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ತಲೆಯನ್ನು ದೋಣಿಯ ಅಂಚಿಗಿಟ್ಟು ಕೂತೆ.

ಆಗ ಕೂಗು ಕೇಳಿತು.

"ಹ್ವಾಯ್, ದೋಣೀ!"

ಅದರ ಬೆನ್ನಿಗೇ, ನನ್ನ ಹಿಂದಿನಿಂದ, ತುಕ್ಕು ಹಿಡಿದ ಬಾಗಿಲು ತೆರೆದಂತಹ ದನಿಯಲ್ಲಿ,

"ಬಂದೇ!"

ನಾನು ತಿರುಗಿ ನೋಡಲು ಹೆದರಿದೆ. ತಿರುಗಿದರೆ ಸುಳ್ಳಾದೀತು ಎಂಬ ಹೆದರಿಕೆ. ಮತ್ತೆ ಕೇಳಿತು, "ಬಂದೇ... ಬಂದೇ." ಇವರು ದಿಂಬು ಬಿಟ್ಟು ನೆಟ್ಟಗೆ ಕೂತಿದ್ದರು. ಎಡಗೈ ಜಲ್ಲೆಗಾಗಿ ತಡಕುತ್ತಿತ್ತು.

ಕೂಗಿದವಳು ಪಕ್ಕದ ದಿಬ್ಬದಲ್ಲಿ ಚಿಪ್ಪು ಹೆಕ್ಕುತ್ತಿದ್ದ ಮುದುಕಿ. ಸೊಂಟದಲ್ಲಿ ಬುಟ್ಟಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ಬುಟ್ಟಿ ಭಾರವಾಗಿತ್ತು, ದಡಕ್ಕೆ ಬಿಡುವ ದೋಣಿ ಬೇಕಿತ್ತು. ಹತ್ತಿರ ಬಂದು ನಮ್ಮ ಅವಸ್ಥೆ ನೋಡಿ ಬೊಚ್ಚುಬಾಯಿ ತೆರೆದು ನಕ್ಕಳು.

"ಎಂತ ಮಾರಾಯ್ರೆ! ಮರ್ಳ್ ಮೇಲ್ ಕೂಕಂಡ್ ಬಂದೇ ಬಂದೇ ಅಂಬ್ರಲ್ಲ! ಹ್ಯಾಂಗ್ ಬತ್ರಿ, ಹಾರ್ಕಂಡಾ?"

ನಾನು ಅಳುತ್ತಾ, ನಗುತ್ತಾ ಅವಳ ಒದ್ದೆ ಕೈ ಹಿಡಿದುಕೊಂಡೆ. "ಅಜ್ಜಿ, ಇನ್ನೊಂದ್ಸಲ ಕರೀನಿ. ನಿಮ್ಮ ದಮ್ಮಯ್ಯ."

"ನಾ ಇಲ್ಲೇ ಇದ್ನಲೆ, ಇನ್ ಕರೂದ್ ಎಂತಕ್ಕೆ?" ಎಂದವಳು ನನ್ನ ಮುಖ ಕಂಡು ಬುಟ್ಟಿ ಕೆಳಗಿಟ್ಟಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಇವರ ಕಡೆ ತಿರುಗಿ ಮೆಲ್ಲಗೆ, ಮಗುವನ್ನು ಕರೆದ ಹಾಗೆ, "ಹ್ವಾಯ್, ದೋಣೀ" ಎಂದಳು. ಇವರು ಹೇಳಿದರು. ಮೂರನೆಯ ಸಲವೂ ಹೇಳಿದರು.

ಆಮೇಲೆ ಬಲಕ್ಕೆ ಕೈ ತೋರಿಸಿ "ಆಚಿ" ಎಂದರು. ಈ ಸಲ ನಾನು ಎದುರಾಡಲಿಲ್ಲ. ಶೀನ ಇಬ್ಬರನ್ನು ಕರೆದುಕೊಂಡು ಬಂದಿದ್ದ. ಇವರು ಕೈ ತೋರಿಸಿದ ಕಡೆಗೇ ಎಲ್ಲರೂ ನೂಕಿದೆವು. ನಾಲ್ಕು ಮಾರು ದೂರದಲ್ಲಿ ಆಳದ ನೀರು ಇತ್ತು. ನಮಗೆ ಕಾಣದೆ ಇದ್ದದ್ದು ಕೂತಲ್ಲಿಂದಲೇ ಇವರಿಗೆ ಕಂಡಿತ್ತು. ಅಜ್ಜಿಯನ್ನು ದಡಕ್ಕೆ ಬಿಟ್ಟು, ಅವಳ ಅಂಗಳದ ತೆಂಗಿನ ನೆರಳಿನಲ್ಲಿ ಮುಂದಿನ ಉಬ್ಬರ ಬರುವವರೆಗೆ ಕೂತೆವು. ರಾಹುಕಾಲ ನಾನು ನೋಡಲಿಲ್ಲ.

ಮೂರನೆಯ ದಿನ ಕಿಂಡಿ ಅಣೆಕಟ್ಟಿನ ತನಕ ದೋಣಿ, ಅಲ್ಲಿಂದ ಬಸ್ಸು. ಗುಡಿಯಲ್ಲಿ ಅರ್ಚನೆಗೆ ಹೆಸರು ಕೇಳಿದಾಗ ಇವರು ಬಾಯಿ ತೆರೆದರು, ಬರಲಿಲ್ಲ. ನಾನೇ ಹೇಳಿದೆ. ನನಗೆ ಬೇಸರವಾಗಲಿಲ್ಲ. ಕೇಳಿದ್ದು ಒಂದು ಮಾತು. ಅಮ್ಮ ಅದನ್ನು ನಾವು ಬರುವ ದಾರಿಗೇ ತಂದು ಕೊಟ್ಟಿದ್ದಳು.

ಮಾತು ಕಲಿಸುವ ಮೇಡಂಗೆ ಹೇಳಿದಾಗ ಅವರು ಕೊಡೆ, ದನಗಳ ಚಿತ್ರ ಎತ್ತಿಟ್ಟರು. ಕೆಲಸದಲ್ಲಿ ನೂರಾರು ಸಲ ಆಡಿದ ಮಾತು ಕೆಲವರಿಗೆ ಹೀಗೆ ಮೊದಲು ಬರುವುದುಂಟು, ಅದನ್ನೇ ಹಿಡಿದು ಹೋಗೋಣ ಎಂದರು. ಇರಬಹುದು. ಆ ಹೊತ್ತಿಗೆ ಆ ದಿಬ್ಬಕ್ಕೆ ಚಿಪ್ಪಿನ ಅಜ್ಜಿಯನ್ನು ಕಳಿಸಿದವರು ಯಾರು ಎಂದು ನಾನು ಅವರನ್ನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಈಗ ಇವರಿಗೆ ನೀರು, ಹುಟ್ಟು, ಆಚಿ, ಈಚಿ, ಸಾಕು, ಹೀಗೆ ಇಪ್ಪತ್ತು ಮಾತು ಬಂದಿವೆ. ಮತ್ತೆ ಬಸ್ಸು ಹತ್ತುತ್ತಾರೆ. "ಸುಮ್ನೆ ಕೂಕಣಿ" ಎಂಬ ಮಾತು ನನ್ನ ಬಾಯಿಂದ ಹೋಗಿದೆ. ಅದನ್ನೂ ಅಮ್ಮನೇ ತೆಗೆದುಕೊಂಡಳು.

ಸಂಜೆ ದೀಪ ಹಚ್ಚಿ ನಾನು ಒಳಗೆ ಗಟ್ಟಿಯಾಗಿ "ಅಮ್ಮಾ" ಎಂದು ಕರೆಯುತ್ತೇನೆ. ಕರೆ ಯಾರಿಗಾದರೇನು, ಜಗಲಿಯಿಂದ ಇವರು "ಬಂದೇ" ಎನ್ನುತ್ತಾರೆ. ನಾನು ತಿದ್ದುವುದಿಲ್ಲ. ಕರೆದದ್ದು ಅವಳನ್ನು, ಉತ್ತರ ಬಂದದ್ದು ಇವರ ಬಾಯಿಂದ. ದಡದಲ್ಲಿ ನಿಂತವಳಿಗೆ ಅಷ್ಟು ಸಾಕು.