ಬಿಸ್ಕತ್ ಡಬ್ಬಿಯ ಗೌರಿ

ದೆವ್ವ, ಶಕುನ, ಸತ್ತವರು ಬಂದು ಹೇಳಿದರು ಎನ್ನುವುದು, ಇದನ್ನೆಲ್ಲ ನಾನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಓದಿದವಳು. ಯಾರಾದರೂ ಅಂಥ ಕಥೆ ತೆಗೆದರೆ ‘ನಾನ್‌ಸೆನ್ಸ್’ ಎಂದು ಎದ್ದುಹೋಗುತ್ತಿದ್ದೆ. ಆದರೆ ನಾಲ್ಕು ವರ್ಷದ ಹಿಂದಿನ ಆ ಒಂದು ಮಧ್ಯಾಹ್ನ ನೆನೆದರೆ ಹಾಗೆ ಎದ್ದುಹೋಗಲು ಆಗುವುದಿಲ್ಲ.

ನನ್ನ ತಮ್ಮನ ಮಗಳು ಚಂದನಾ ಆಗ ಪಿಎಚ್‌ಡಿ ಮಾಡುತ್ತ, ದೊಡ್ಡಬಳ್ಳಾಪುರದ ನನ್ನ ಮನೆಯಲ್ಲೇ ಇದ್ದಳು. ಅವಳ ವಿಷಯ ನಮ್ಮ ಕುಂಟೆಗಳಲ್ಲಿ ಮಳೆಗಾಲಕ್ಕೆ ಕಾಣಿಸಿಕೊಳ್ಳುವ, ಗೊದಮೊಟ್ಟೆಯಂಥ ಒಂದು ಪುಟಾಣಿ ಸೀಗಡಿ. ಬೆನ್ನ ಮೇಲೆ ಗುರಾಣಿ, ತಲೆಯಲ್ಲಿ ಮೂರು ಕಣ್ಣು! ಕುಂಟೆ ಒಣಗಿದರೆ ಅದು ಸಾಯುತ್ತದೆ. ಮೊಟ್ಟೆಗಳು ಮಾತ್ರ ಮಣ್ಣಿನಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತವೆ.

“ನೋಡೋಕೆ ಡೈನೋಸಾರ್ ಕಾಲದ್ದೇ ಅತ್ತೆ. ಆದ್ರೆ ಒಳಗಡೆ ಜೀನೋಮ್ ಸುಮ್ನೆ ಕೂತಿಲ್ಲ, ಬದಲಾಗ್ತಾನೇ ಇದೆ. ಅದನ್ನ ಹಿಡೀಬೇಕಂದ್ರೆ ಒಂದೇ ಕುಂಟೆಯ ಹೊಸ ಮೊಟ್ಟೆನೂ ಬೇಕು, ಹಳೇದೂ ಬೇಕು” ಎನ್ನುತ್ತಿದ್ದಳು. ದೇವನಹಳ್ಳಿ ಕಡೆಯ ನನ್ನ ತವರೂರಿನ ಕುಂಟೆಯಿಂದ ಹೊಸದು ಸಿಕ್ಕಿತ್ತು. ಹಳೆಯದಕ್ಕೆ ಅದರ ಆಳದ ಮಣ್ಣು ತೆಗೆಯಬೇಕಿತ್ತು.

ಆ ಮಧ್ಯಾಹ್ನ ಒಬ್ಬಳೇ ವರಾಂಡದಲ್ಲಿ ಕ್ರಾಸ್‌ವರ್ಡ್ ಹಿಡಿದು ಕೂತಿದ್ದೆ. ಸುಡುಬಿಸಿಲು. ಇದ್ದಕ್ಕಿದ್ದಂತೆ ಹಸಿ ಮಣ್ಣಿನ ವಾಸನೆ. ಆಮೇಲೆ ಅಡುಗೆಮನೆ ಕಡೆಯಿಂದ, ಸ್ಪಷ್ಟವಾಗಿ:

“ಬೇಬಿ, ಗೌರಮ್ಮನ್ನ ನೀರಿಗೆ ಬಿಟ್ಯೇನೇ?”

“ಇಲ್ಲಮ್ಮಾ, ಬಿಡ್ತೀನಿ” ಎಂದುಬಿಟ್ಟೆ. ಅಂದಮೇಲೆಯೇ ಹೊಳೆದದ್ದು. ಅಮ್ಮ ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು.

ಗೌರಿಹಬ್ಬಕ್ಕೆ ಅಮ್ಮ ಕುಂಟೆಯ ಮಣ್ಣಿನಿಂದಲೇ ಗೌರಿ ಮಾಡಿ, ಪೂಜೆಯಾದ ಮೇಲೆ ಅದೇ ಕುಂಟೆಗೆ ಬಿಡುತ್ತಿದ್ದಳು. ಅವಳ ಕೊನೆಯ ಹಬ್ಬದ ವರ್ಷ ಕುಂಟೆಯಲ್ಲಿ ತೊಟ್ಟು ನೀರಿರಲಿಲ್ಲ. “ಮಳೆ ಬಂದ್ಮೇಲೆ ನೀನೇ ಬಿಡೇ” ಎಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿ ಕೊಟ್ಟಳು. ಮಳೆಗೆ ಮುಂಚೆ ಅವಳೇ ಹೋದಳು. ಡಬ್ಬಿ ನನ್ನ ಬೀರುವಿನ ತಳ ಸೇರಿತು. ಮಣ್ಣಿನ ಗೊಂಬೆ ತಾನೇ ಎಂದು ಮರೆತೆ. ನಾಚಿಕೆಯಾಗುತ್ತದೆ, ಆದರೂ ನಿಜ.

ಎದ್ದುಹೋಗಿ ಡಬ್ಬಿ ತೆಗೆದೆ. ಕುಂಕುಮ ಇನ್ನೂ ಕೆಂಪಗಿತ್ತು. ಹಿತ್ತಲಲ್ಲಿ ಮಳೆನೀರು ಹಿಡಿದಿಟ್ಟ ಟಬ್ಬಿಗೆ ಗೌರಿಯನ್ನು ಇಳಿಸಿದೆ. ನೋಡುನೋಡುತ್ತ ಕರಗಿಹೋದಳು.

ಸಂಜೆ ಚಂದನಾ ಅಳುತ್ತ ಬಂದಳು. ಮಧ್ಯಾಹ್ನ ಜೆಸಿಬಿ ತಂದು ಲೇಔಟಿಗೆಂದು ಕುಂಟೆ ಮುಚ್ಚಿಬಿಟ್ಟಿದ್ದರಂತೆ. “ಮೂರು ವರ್ಷದ ಕೆಲಸ ಅತ್ತೆ! ಆ ಚಾಪ್ಟರ್ ಬಿಟ್ಟುಬಿಡು ಅಂತಿದ್ದಾರೆ ಗೈಡು.” ಧ್ವನಿ ಕೇಳಿದ ಮಾತು ಹೇಳಲು ನನಗೆ ಸಂಕೋಚ. ಕಾಫಿ ಮಾಡಿಕೊಟ್ಟೆ.

ಐದನೆಯ ದಿನ ಬೆಳಿಗ್ಗೆ ಹಿತ್ತಲಿಂದ ಚೀರಾಟ.

“ಅತ್ತೇ! ಈ ಟಬ್ಬಿಗೆ ಏನು ಹಾಕಿದ್ರಿ?”

“ನಮ್ಮಮ್ಮನ ಗೌರಿ ಕಣೇ. ಬೈಬೇಡ.”

“ಅಯ್ಯೋ, ಬನ್ನಿ ಇಲ್ಲಿ! ಗೌರಿ ಹಿಂದೇನೇ ಮುಕ್ಕಣ್ಣನೂ ಬಂದಿದ್ದಾನೆ!”

ಕೆಂಪು ನೀರಿನಲ್ಲಿ ಅಕ್ಕಿಕಾಳಿನಷ್ಟು ಜೀವಗಳು, ಹತ್ತಾರು, ಗಿರಗಿರ ಸುತ್ತುತ್ತಿದ್ದವು. ಕನ್ನಡಕ ಏರಿಸಿ ನೋಡಿದೆ. ಪುಟ್ಟ ಗುರಾಣಿ! ಅತ್ತೆ ಸೊಸೆ ಇಬ್ಬರೂ ಹುಚ್ಚಿಯರಂತೆ ಕುಣಿದೆವು, ನನ್ನ ಮಂಡಿನೋವನ್ನೂ ಮರೆತು.

ಚಾಪ್ಟರ್ ಉಳಿಯಿತು. ಗೌರಿಯ ಮಣ್ಣಿನ ಹಳೆಯವಕ್ಕೂ ಕುಂಟೆಯ ಹೊಸವಕ್ಕೂ ಜೀನೋಮಿನಲ್ಲಿ ವ್ಯತ್ಯಾಸ ಸಿಕ್ಕಿತು, ಹೊರಗಿನ ರೂಪದಲ್ಲಿ ಮಾತ್ರ ಏನೂ ಇಲ್ಲ. ಅವಳು ಥೀಸಿಸ್ಸಿನಲ್ಲಿ ಸ್ಯಾಂಪಲ್ ಕೊಟ್ಟವರ ಹೆಸರು ಬರೆಯುವಾಗ ಎಲ್ಲ ಹೇಳಿಬಿಟ್ಟೆ. ಚಂದನಾ ನಗಲಿಲ್ಲ, ಅಮ್ಮನ ಹೆಸರು ಬರೆದಳು.

ಮೊಟ್ಟೆ ಒಡೆದದ್ದಕ್ಕೆ ಸೈನ್ಸ್ ಇದೆ. ಕುಂಟೆ ಮುಚ್ಚಿದ ಅದೇ ಮಧ್ಯಾಹ್ನ ನನ್ನನ್ನು ಕೇಳಿದ್ದು ಯಾರು? ಗೊತ್ತಿಲ್ಲ. ಈಗಲೂ ಊಟವಾದ ಮೇಲೆ ಕ್ರಾಸ್‌ವರ್ಡ್ ಹಿಡಿದು ಅಲ್ಲೇ ಕೂರುತ್ತೇನೆ. ಮತ್ತೆ ಕರೆದರೆ ಕೇಳಲಿ ಎಂದು ರೇಡಿಯೋ ಮಾತ್ರ ಹಾಕುವುದಿಲ್ಲ.