ತಾಪಮಾಪಕದ ಮುಳ್ಳು

ಸದಾ ತಣ್ಣಗಿರುವವರನ್ನು ಲೋಕ ಸಜ್ಜನರೆಂದು ಕೊಂಡಾಡುತ್ತದೆ. ಆದರೆ ಸ್ವಾಮಿ, ಹಳೆಯ ಕಾರಿನ ತಾಪಮಾಪಕದ ಮುಳ್ಳು ಸದಾ ತಣ್ಣಗಿದೆಯೆಂದರೆ ಅದರಷ್ಟು ದೊಡ್ಡ ಸುಳ್ಳುಗಾರ ಇನ್ನೊಬ್ಬನಿಲ್ಲ. ನೆರೂಳಿನ ನಮ್ಮ ಕಟ್ಟಡದ ಕೆಳಗೆ ನಿಲ್ಲುವ ನನ್ನ ಕಾರು ಮುಂಬಯಿಯ ಹಳೆಯ ಕಪ್ಪು-ಹಳದಿ ‘ಕಾಲಿ-ಪೀಲಿ’ ಟ್ಯಾಕ್ಸಿಗಳ ಒಡಹುಟ್ಟು, ಬಣ್ಣ ಮಾತ್ರ ಕೆನೆಹಾಲಿನದು. ನಾನು ಅದನ್ನು ಕ್ಲಾಸಿಕ್ ಎನ್ನುತ್ತೇನೆ, ಸೊಸೈಟಿಯ ಸೆಕ್ರೆಟರಿ ಖಟಾರಾ ಎನ್ನುತ್ತಾರೆ.

ಒಂದು ಭಾನುವಾರ ಠಾಣೆಯಲ್ಲಿರುವ ಅಕ್ಕನ ಮನೆಗೆ ಹೊರಟಿದ್ದಾಗ ಮಾಜಿವಾಡಾದ ಸಿಗ್ನಲ್ಲಿನಲ್ಲಿ ಕಾರು ಬುಸ್ಸೆಂದು ಹಬೆಯುಗುಳಿ ನಿಂತಿತು. ಇಂಜಿನ್ನು ಕೊತಕೊತ ಕುದಿಯುತ್ತಿದ್ದರೂ ಮುಳ್ಳು ಮಾತ್ರ ಪರಮಶಾಂತ. ಹಿಂದಿನ ರಿಕ್ಷಾಗಳ ಹಾರನ್ನಿನ ನಡುವೆ, ರೇಷ್ಮೆ ಸೀರೆಯಲ್ಲೇ ಕಾರು ತಳ್ಳಿದ ನನ್ನ ಹೆಂಡತಿ ಸುಮಂಗಲಾ, ಹುಬ್ಬಳ್ಳಿಯ ಹೆಣ್ಣು, ಮನೆಗೆ ಬಂದವಳೇ ಖಡಾಖಂಡಿತವಾಗಿ ಹೇಳಿದಳು: “ಆ ಮುಳ್ಳು ಅಳ್ಳಾಡೋತನಕ ನಾ ನಿಮ್ಮ ಗಾಡಿಯೊಳಗ ಎಲ್ಲೂ ಬರಂಗಿಲ್ಲ, ನೋಡ್ರಿ.”

ಸಡಿಲಾಗಿದ್ದ ಫ್ಯಾನ್‌ಬೆಲ್ಟ್ ಬದಲಾಯಿಸಿದೆ. ಕುದಿಯುವುದು ನಿಂತಿತು, ಮುಳ್ಳು ಅಲುಗಲಿಲ್ಲ. ಹೀಗಾಗಿ ಅಕ್ಕನ ಮನೆಗೆ ಅವಳು ಲೋಕಲ್ ರೈಲಿನಲ್ಲಿ, ನಾನು ಕಾರಿನಲ್ಲಿ. ಅಕ್ಕ ಬಾಗಿಲು ತೆರೆದು, “ಎಂತದಾ ಇದು, ಬೇರೆ ಬೇರೆ ಬರುವುದು? ಜಗಳವಾ?” ಎನ್ನುವಳು. ನಾನು ನಕ್ಕುಬಿಡುತ್ತಿದ್ದೆ. ಆದರೆ ನಿಮ್ಮಲ್ಲಿ ಮುಚ್ಚುಮರೆ ಯಾಕೆ, ಪಕ್ಕದ ಸೀಟು ಖಾಲಿಯಿರುವುದು ನನಗೆ ಹಿಡಿಸುತ್ತಿರಲಿಲ್ಲ. ದಾರಿಯುದ್ದಕ್ಕೂ ಬೈಯುವವರಿಲ್ಲದ ಪ್ರಯಾಣವೂ ಒಂದು ಪ್ರಯಾಣವೇ!

ಇಂಜಿನ್ನಿನ ಬಿಸಿ ಅಳೆಯುವ ಹಿತ್ತಾಳೆಯ ಸೆನ್ಸರೊಂದನ್ನು ಹೊಸದಾಗಿ ತಂದು ನಾನೇ ತಿರುಗಿಸಿ ಕೂರಿಸಿದೆ. ಉಡುಪಿಯ ಹೋಟೆಲಿನವರ ಮನೆಯಲ್ಲಿ ಹುಟ್ಟಿದವನಿಗೆ ಸೋರಿಕೆಯೆಂದರೆ ಜನ್ಮವೈರಿ. ಹಾಲಿನ ಬಾಯ್ಲರಿನಿಂದ ಹಿಡಿದು ಕೈತೊಳೆಯುವ ನಲ್ಲಿಯವರೆಗೆ, ತಿರುಪು ಕಂಡಲ್ಲೆಲ್ಲ ಬಿಳಿ ಟೇಪು ಸುತ್ತುವುದು ನಮ್ಮ ಕುಲಾಚಾರ. ಸೆನ್ಸರಿಗೂ ಭಕ್ತಿಯಿಂದ ದಪ್ಪಗೆ ಸುತ್ತಿದ್ದೆ. ಒಂದು ಹನಿಯೂ ಸೋರಲಿಲ್ಲ. ಮುಳ್ಳೂ ಏಳಲಿಲ್ಲ.

ದೋಷ ಎಲ್ಲಿದೆಯೆಂದು ಪರೀಕ್ಷಿಸಲು ಇನ್ನೊಂದು ಜೊತೆ ಕಣ್ಣು ಬೇಕಾಗಿತ್ತು. ಬೇಡಿಕೊಂಡ ಮೇಲೆ, “ಗಾಡಿ ನಿಂತಲ್ಲೇ ನಿಲ್ಲಬೇಕು” ಎಂಬ ಕರಾರಿನೊಂದಿಗೆ ಸುಮಂಗಲಾ ಒಳಗೆ ಕೂತಳು. ಬಾನೆಟ್ಟಿನಡಿಯಲ್ಲಿ ನಾನು ಸೆನ್ಸರಿನ ತಂತಿ ಕಿತ್ತು ಇಂಜಿನ್ನಿನ ಲೋಹಕ್ಕೆ ಮುಟ್ಟಿಸಿದೆ.

“ಅಯ್ಯಯ್ಯ, ಎದ್ದೇ ಬಿಡ್ತು! ಪೂರಾ ಮ್ಯಾಲೆ ಹೋತು!”

ಅಂದರೆ ಮುಳ್ಳೂ ಸರಿ, ತಂತಿಯೂ ಸರಿ. ನಾನು ಪಾಂಡಿತ್ಯ ಪ್ರದರ್ಶನಕ್ಕಿಳಿದೆ: “ನೋಡು, ಸೆನ್ಸರಿನ ಲೋಹ ಇಂಜಿನ್ನಿನ ಲೋಹಕ್ಕೆ ತಾಗಿದರೆ ಮಾತ್ರ ಕರೆಂಟು ಹರಿಯುತ್ತದೆ. ನಡುವೆ ಏನಾದರೂ ಅಡ್ಡ ಬಂದರೆ...” ಸೆನ್ಸರಿಗೆ ಸುತ್ತಿದ್ದ ಬಿಳಿ ಟೇಪು ಕಣ್ಣಿಗೆ ಬಿತ್ತು. ಅಡ್ಡ ಬಂದದ್ದು ನಮ್ಮ ಕುಲಾಚಾರ! ಟೇಪು ಬಿಚ್ಚಿ, ಉಜ್ಜಿ, ಬರಿಮೈಯ ಸೆನ್ಸರನ್ನು ಮತ್ತೆ ಬಿಗಿದೆ. ಇಂಜಿನ್ನು ಕಾದಂತೆ ಮುಳ್ಳು ಸಾವಕಾಶವಾಗಿ ಮೇಲೆದ್ದಿತು.

“ಆಯಿತು, ಇಳಿ” ಎಂದೆ. ಅವಳು ಇಳಿಯಲಿಲ್ಲ. “ಅಕ್ಕನ ಮನಿಗೆ ಹೋಗೋಣಲ್ಲ?” ಎಂದು ಬಾಗಿಲೆಳೆದುಕೊಂಡಳು.

ಠಾಣೆಯ ದಾರಿಯ ಐರೋಲಿಯಲ್ಲಿ ವಾಹನಗಳ ಸಾಲು ಸಿಕ್ಕಿತು. ಮುಳ್ಳು ಅರ್ಧ ದಾಟಿತು. ನನ್ನ ಕಣ್ಣು ಮತ್ತೆ ಮತ್ತೆ ಅದರತ್ತಲೇ ಓಡುತ್ತಿತ್ತು. ಸುಮಂಗಲಾ ನನ್ನ ತೋಳು ತಟ್ಟಿದಳು.

“ನೀವು ರಸ್ತಾ ನೋಡ್ರಿ. ಮುಳ್ಳು ನಾ ನೋಡಾಕತ್ತೀನಲ್ಲ.”