ನೀರಿನ ಮನೆಗೆ ಮೆಲ್ಲಗೆ

ಮೇಡಮ್ಮನ ಎಡ ಮುಂಗೈ ಮೇಲೆ ಹೆಸರುಕಾಳಿನಷ್ಟು ಬಿಳಿ ಕಲೆಗಳಿದ್ದವು. ಬಳೆ ಸರಿದಾಗೆಲ್ಲ ಕಾಣುತ್ತಿದ್ದವು. ಅವು ನನ್ನ ಮುಖದ ಮೇಲೆ ಇರಬೇಕಾಗಿದ್ದವು.

ಅವರು ಆಂಧ್ರದ ಆದವಾನಿಯ ಕಾಲೇಜಿನಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದವರು. ನಮಗೆಲ್ಲ ಬರೀ ಮೇಡಮ್ಮ. ಪಾಠ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ. ಇಳಿಬಿಸಿಲು ಬ್ಯುರೆಟ್ಟುಗಳ ಮೇಲೆ ಬೀಳುವ ಹೊತ್ತಿಗೆ ಅವರ ದನಿ ತಗ್ಗುತ್ತಿತ್ತು. ಕೆಳಗೆ ಫ್ಲಾಸ್ಕಿನಲ್ಲಿ ಎಷ್ಟು ಗಟ್ಟಿಯೋ ತಿಳಿಯದ ಆಮ್ಲ, ಮೇಲೆ ಬ್ಯುರೆಟ್ಟಿನ ಗಾಜಿನ ಕೊಳವೆಯಲ್ಲಿ ಬಲ ತಿಳಿದ ಕ್ಷಾರ. ಹನಿ ಹನಿಯಾಗಿ ಬಿಡುತ್ತ ಹೋದರೆ, ಆಮ್ಲ ತೀರಿದ ಕ್ಷಣದಲ್ಲಿ, ಫ್ಲಾಸ್ಕಿಗೆ ಮೊದಲೇ ಹಾಕಿದ ಸೂಚಕದಿಂದ ತೆಳು ಗುಲಾಬಿ ಬಣ್ಣ ಮೂಡಿ ನಿಲ್ಲುತ್ತದೆ. ಎಷ್ಟು ಕ್ಷಾರ ಇಳಿಯಿತೆಂದು ನೋಡಿದರೆ ಎಷ್ಟು ಆಮ್ಲವಿತ್ತೆಂದು ಗೊತ್ತಾಗುತ್ತದೆ. ನಾನು ಆತುರಪಟ್ಟು ಕಡುಗುಲಾಬಿ ಮಾಡಿಕೊಂಡಾಗ ಅವರು ಬೆನ್ನ ಹಿಂದೆಯೇ ನಿಂತಿದ್ದರು.

“ಏನವ್ವ, ಹೋಳಿ ಆಡಾಕ ಬಂದೀಯೇನು? ಚೆಲ್ಲು. ಮತ್ತ ಹಚ್ಚು.”

ಆಮ್ಲಕ್ಕೆ ನೀರು ಬೆರೆಸುವ ಪಾಠಕ್ಕೆ ಅವರದೇ ಮಾತಿತ್ತು. “ಆ್ಯಸಿಡ್ಡು ಹೊಸ ಸೊಸಿ ಇದ್ದಂಗ. ಆಕೀನೇ ನೀರಿನ ಮನಿಗೆ ಮೆಲ್ಲಗ ಬರಬೇಕು. ನೀರು ಆಕಿ ಮನಿಗೆ ಮನಿಅಳಿಯ ಆಗಿ ಹೋತೋ, ಮಾರಿ ಸುಟ್ಟುಕೊಂಡು ಬರ್ತೈತಿ.” ನಾವು ನಗುತ್ತಿದ್ದೆವು. “ನಗ್ರಿ, ನಗ್ರಿ. ಇನ್ನೊಂದು ತಿಳಕೊಳ್ರಿ. ನೀರು ಹಾಕಿದ್ರ ತೆಳ್ಳಗಾಗ್ತೈತಿ, ಕಡಿಮಿ ಆಗಂಗಿಲ್ಲ. ಇದ್ದಷ್ಟೂ ಅದರಾಗ ಇರ್ತೈತಿ.”

ಓದು ಮುಗಿಸಿ ನಾನು ಹತ್ತಿಬೀಜದ ಶೆಡ್ಡೊಂದರಲ್ಲಿ ಕೆಲಸಕ್ಕೆ ಸೇರಿದೆ. ಬಿತ್ತನೆ ಬೀಜಕ್ಕೆ ಅಂಟಿದ ಸಣ್ಣ ಎಳೆಗಳನ್ನು ಗಟ್ಟಿ ಗಂಧಕಾಮ್ಲದಲ್ಲಿ ಸುಟ್ಟು, ಬೀಜವನ್ನು ತೊಳೆಯುತ್ತಾರೆ. ತೊಳೆದ ನೀರಿನ ಪರೀಕ್ಷೆ ನನ್ನದು. ನಿವೃತ್ತರಾಗಿದ್ದ ಮೇಡಮ್ಮನನ್ನು ಶೆಡ್ಡಿನ ಸಾವ್ಕಾರರೇ ಸಲಹೆಗೆಂದು ಕರೆಸುತ್ತಿದ್ದರು, ಅವರು ಬಂದಾಗೆಲ್ಲ ಅವರೊಡನೆ ಜಗಳವಾಡುತ್ತಿದ್ದರು.

“ಇನ್ನೆರಡು ಕೊಡ ನೀರು ಬೆರಸಿ ಮೋರಿಗೆ ಬಿಟ್ರಾತಲ್ರಿ?” ಎನ್ನುತ್ತಿದ್ದರು ಸಾವ್ಕಾರರು.

“ಬೆರಸಿದ್ರ ಅದು ಎಲ್ಲಿಗೆ ಹೋತ್ರಿ? ಸುಣ್ಣ ಹಾಕ್ರಿ. ಈಕಿ ಹನಿ ಬಿಟ್ಟು ನೋಡಿ ಸಾಕು ಅನ್ಲಿ, ಆಮ್ಯಾಲ ಬಿಡ್ರಿ.”

ಹಂಗಾಮಿನ ಮೊದಲ ದಿನ ಶೆಡ್ಡಿನಲ್ಲಿ ಪೂಜೆ. ಯಂತ್ರಕ್ಕೆ, ತಕ್ಕಡಿಗೆ, ಬುಟ್ಟಿಗಳಿಗೆ ವಿಭೂತಿ ಹಚ್ಚಿ, ಸಾವ್ಕಾರರು ತಂಬಿಗೆಯಿಂದ ಒಂದಿಷ್ಟು ನೀರೆರೆಯುವುದು ಅವರ ಅಪ್ಪನ ಕಾಲದ ವಾಡಿಕೆ. ಆ ಮುಂಜಾನೆ ಮೇಡಮ್ಮನೂ ಬಂದಿದ್ದರು; ಬಾಗಿಲಿನ ಬೆಳಕಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ನಿದ್ದೆಯೊಳಗೇ ನಡೆದಂತಿತ್ತು ಎಲ್ಲ. ಆಮ್ಲ ತುಂಬಿಟ್ಟಿದ್ದ ತೊಟ್ಟಿಗೂ ವಿಭೂತಿ ಹಚ್ಚಬೇಕೆಂದರು ಸಾವ್ಕಾರರು. ಅಂಚಿಗೆ ಹಚ್ಚಲೆಂದು ನಾನು ಮುಚ್ಚಳ ಸರಿಸಿ ಬಗ್ಗಿ ನಿಂತೆ.

“ಗಂಗವ್ವಗ ಸ್ವಲ್ಪ ಜಾಗ ಬಿಡವ್ವ,” ಎಂದರು ಸಾವ್ಕಾರರು, ನೀರಿನ ತಂಬಿಗೆ ಎತ್ತಿ.

ತಂಬಿಗೆ ವಾಲಿತು. ಅದರ ಅಂಚಿನಲ್ಲಿ ಒಂದು ಬಿಲ್ವಪತ್ರೆ ಜಾರುತ್ತಿತ್ತು. ಎಷ್ಟು ಮೆಲ್ಲಗೆ ಜಾರುತ್ತಿತ್ತೆಂದರೆ, ನನ್ನ ಕಣ್ಣಲ್ಲಿ ಅದು ಈಗಲೂ ಬಿದ್ದಿಲ್ಲ.

“ವದ್ದು!” ಬೇಡವೆಂದು ಮೇಡಮ್ಮ ತೆಲುಗಿನಲ್ಲಿ ಕೂಗಿದರು. ಭುಜದಿಂದ ನನ್ನನ್ನು ಗುದ್ದಿ ಕೆಡವಿ, ತಂಬಿಗೆಯನ್ನು ಕೈಯಿಂದ ಹೊಡೆದು ಹಾರಿಸಿದರು. ಅಷ್ಟರಲ್ಲಿ ತುಸು ನೀರು ಒಳಗೆ ಬಿದ್ದಿತ್ತು. ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಆಮ್ಲ ಸಿಡಿದು ಅವರ ಮುಂಗೈಗೆ ಹಾರಿತು.

“ಜಲ್ದಿ ನಳ ಬಿಡ್ರಿ!”

ಹಾಗೆಂದು ಮೇಡಮ್ಮ ಹರಿಯುವ ನೀರಿನ ಕೆಳಗೆ ಮುಂಗೈ ಹಿಡಿದು ಬಹಳ ಹೊತ್ತು ನಿಂತರು. ಸಾವ್ಕಾರರು ಬಿದ್ದ ತಂಬಿಗೆಯನ್ನೇ ಎತ್ತಿಕೊಂಡು ತುಂಬಿ ತುಂಬಿ ತಂದರು. “ಈಗ ಎರೀರಿ ಸಾವ್ಕಾರ್ರ,” ಎಂದರು ಮೇಡಮ್ಮ, “ಈಗ ಎಷ್ಟು ಬೇಕಾದ್ರೂ ಎರೀರಿ.”

ಆಮೇಲೆ ನನಗೆ ಅದೇ ಕನಸು ಶುರುವಾಯಿತು. ಎಲೆ ಜಾರುತ್ತದೆ, ಕೆಲವೊಮ್ಮೆ ಕೂಗುವವರೇ ಇರುವುದಿಲ್ಲ. ಒಮ್ಮೆ ಅವರಿಗೆ ಹೇಳಿದೆ. “ಎಚ್ಚರಾದ ಕೂಡ್ಲೆ ಮಾರಿ ಮುಟ್ಟಿ ನೋಡ್ಕ. ಐತೇನು? ಐತಿ. ಮತ್ತ ಮಲಕ್ಕ,” ಎಂದು ನಕ್ಕರು.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ದೇಹವನ್ನು ಕೂರಿಸಿ ಹೂ ಏರಿಸಿದ್ದರು. ಹೂವಿನ ನಡುವೆ ಆ ಮುಂಗೈಯನ್ನು ಹುಡುಕಿ ಮುಟ್ಟಿದೆ.

ಈ ಸಲದ ಪೂಜೆಯಲ್ಲಿ ಸಾವ್ಕಾರರು, ಯಾರೂ ಹೇಳದೆಯೇ, ಮುಚ್ಚಿದ ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ಹೊರಗೆ ಹೋಗಿ ತಂಬಿಗೆಯನ್ನು ನೀರಿನ ಟ್ಯಾಂಕಿನ ಮುಂದೆ ಇಟ್ಟು ಕೈಮುಗಿದರು. ಆ ಮಧ್ಯಾಹ್ನ ತೊಳೆದ ನೀರಿಗೆ ನಾನು ಹನಿ ಬಿಡುತ್ತ ಕುಳಿತೆ. ಗುಲಾಬಿ ಮೂಡಿತು, ಮಾಯವಾಯಿತು, ಮತ್ತೆ ಮೂಡಿ ನಿಂತಿತು. ಬೆನ್ನ ಹಿಂದೆ ಯಾರೂ ಇರಲಿಲ್ಲ.

ಹೆದರಿಕೆ ಈಗ ತೆಳ್ಳಗಾಗಿದೆ. ಇದ್ದಷ್ಟೂ ಇದೆ. ಮುಟ್ಟಿ ನೋಡಿಕೊಂಡರೆ, ಮುಖವೂ ಇದೆ.